ನುಂಗಿದ ಮಾತ್ರೆ ಎಲ್ಲಿ ಹೋಯಿತು? ಕಿಣ್ವಗಳ ಹಿಂದೆ ಬಿದ್ದವಳಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಗೆ ಮರಳಿದ ಮೇಲೆ ನನಗೆ ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ಕಾಲೇಜಿನ ಮಕ್ಕಳು ಓದು, ಕೆಲಸ, ಸಂಬಳ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರು ತಮ್ಮ ಬಿ.ಪಿ. ಮಾತ್ರೆಯ ವಿಷಯ ತೆಗೆಯುತ್ತಾರೆ. ಎರಡಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆದಿಟ್ಟಿದ್ದೇನೆ. ನಾನು ರಸಾಯನಶಾಸ್ತ್ರ ಓದಿದವಳು, ವೈದ್ಯೆಯಲ್ಲ. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಶುರುಮಾಡಬೇಕು ಎಂಬುದನ್ನು ನಿಮ್ಮ ವೈದ್ಯರನ್ನೇ ಕೇಳಿ.

ನಿಮ್ಮ ಕೆಲಸ ಏನೆಂದು ಒಂದು ಮಾತಿನಲ್ಲಿ ಹೇಳಬಹುದೇ?

ಲೆಕ್ಕ ಬರೆಯುವುದು.

ನನ್ನ ತಂದೆ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದರು. ನಮ್ಮ ಕಡೆ ಅದೇನು ವಿಶೇಷವಲ್ಲ. 1906ನೇ ಇಸವಿ ಒಂದರಲ್ಲೇ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಹುಟ್ಟಿದ ಜಿಲ್ಲೆ ಇದು. ಸಂಜೆ ಲೆಕ್ಕ ತಾಳೆಯಾಗದಿದ್ದರೆ, ವ್ಯತ್ಯಾಸ ಎರಡೇ ರೂಪಾಯಿ ಇದ್ದರೂ, ಅವರು ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ನಾನು ಮಾಡಿದ್ದೂ ಅದನ್ನೇ. ನೂರು ಮಿಲಿಗ್ರಾಂ ಔಷಧ ಒಳಗೆ ಹೋಯಿತು. ಹಾಗೆಯೇ ಹೊರಬಂದದ್ದು ಎಷ್ಟು, ವೇಷ ಬದಲಿಸಿ ಬಂದದ್ದು ಎಷ್ಟು, ಒಳಗೇ ಉಳಿದದ್ದು ಎಷ್ಟು? ಮನುಷ್ಯರಲ್ಲಿ ಇದನ್ನು ನೋಡಲು ಔಷಧದ ಅಣುವಿನಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಪರಮಾಣುವನ್ನು ಸೇರಿಸಿ, ಅತ್ಯಲ್ಪ ಪ್ರಮಾಣದಲ್ಲಿ ಸ್ವಯಂಸೇವಕರಿಗೆ ಕೊಡುತ್ತಾರೆ. ಆಮೇಲೆ ದಿನಗಟ್ಟಲೆ ಅವರ ಮಲಮೂತ್ರವನ್ನೆಲ್ಲ ಕೂಡಿಟ್ಟು ಅಳೆಯುತ್ತಾರೆ. ಶೇಕಡಾ 90ರಷ್ಟಾದರೂ ಲೆಕ್ಕಕ್ಕೆ ಸಿಗದಿದ್ದರೆ ಯಾರಿಗೂ ಸಮಾಧಾನವಿಲ್ಲ. ಪಂಕ್ತಿಯಲ್ಲಿ ಕುಳಿತಾಗ ಈ ಭಾಗವನ್ನು ನಾನು ಹೇಳುವುದಿಲ್ಲ.

ಕಿಣ್ವ ಎಂದರೆ ನಿಖರವಾಗಿ ಏನು?

ಜೀವಕೋಶಗಳು ತಯಾರಿಸುವ, ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಬಹುಪಾಲು ಪ್ರೋಟೀನು. ಮಾಂಸ ಮೆತ್ತಗಾಗಲು ಹಸಿ ಪಪ್ಪಾಯಿ ಅರೆದು ಹಚ್ಚುತ್ತಾರಲ್ಲ, ಅಲ್ಲಿ ಕೆಲಸ ಮಾಡುವುದು ಪಪೈನ್ ಎಂಬ ಕಿಣ್ವ. ಕಿಣ್ವವೂ ಪ್ರೋಟೀನೇ ಎಂದು ತೋರಿಸಿದವರು ಅಮೆರಿಕದ ಜೇಮ್ಸ್ ಸಮ್ನರ್. 1926ರಲ್ಲಿ ಅವರು ಅವರೆಯ ಜಾತಿಯ ಒಂದು ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿದರು. ಬಹಳ ವರ್ಷ ಯಾರೂ ನಂಬಲಿಲ್ಲ; ನೊಬೆಲ್ ಬಂದದ್ದು 1946ರಲ್ಲಿ. ಎಳೆಯ ವಯಸ್ಸಿನಲ್ಲಿ ಬೇಟೆಯಾಡುವಾಗ ಎಡಗೈ ಕಳೆದುಕೊಂಡಿದ್ದ ಅವರಿಗೆ, ಒಂದೇ ಕೈಯಲ್ಲಿ ರಸಾಯನಶಾಸ್ತ್ರ ಆಗದ ಮಾತು ಎಂದು ಹೇಳಿದವರಿದ್ದರು.

ಕಿಣ್ವಕ್ಕೂ ಒಂದು ಮಿತಿಯಿದೆ. ಮಠದ ಊಟದಲ್ಲಿ ಒಂದು ಪಂಕ್ತಿಗೆ ಇಂತಿಷ್ಟೇ ಎಲೆ. ಜನ ಕಡಿಮೆ ಇರುವಾಗ ಬಂದವರು ಬಂದ ಹಾಗೆ ಕುಳಿತು ಏಳುತ್ತಾರೆ. ಎಲೆಗಳೆಲ್ಲ ತುಂಬಿದ ಮೇಲೆ ನೂರು ಜನ ಹೆಚ್ಚು ಬಂದರೂ ಊಟದ ವೇಗ ಏರುವುದಿಲ್ಲ, ಹೊರಗಿನ ಸಾಲು ಉದ್ದವಾಗುತ್ತದೆ ಅಷ್ಟೆ. ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟನ್ 1913ರಲ್ಲಿ ಸಮೀಕರಣವಾಗಿ ಬರೆದದ್ದು ಇದನ್ನೇ. ಫಿಟ್ಸ್‌ಗೆ ಕೊಡುವ ಫಿನಿಟೊಯಿನ್ ಇದಕ್ಕೆ ಸರಿಯಾದ ಉದಾಹರಣೆ. ಅದರ ಎಲೆಗಳು ಬೇಗ ತುಂಬುತ್ತವೆ. ಆಮೇಲೆ ಡೋಸ್ ಸ್ವಲ್ಪವೇ ಏರಿಸಿದರೂ ರಕ್ತದಲ್ಲಿ ಔಷಧದ ಮಟ್ಟ ಧಿಗ್ಗನೆ ಮೇಲೇರುತ್ತದೆ. ಅದಕ್ಕೇ ವೈದ್ಯರು ಆ ಮಾತ್ರೆಯನ್ನು ಅಳೆದು ಸುರಿದು ಹೆಚ್ಚಿಸುತ್ತಾರೆ.

ದೇಹ ಔಷಧವನ್ನು ಬದಲಾಯಿಸುವುದೇಕೆ? ಬಂದ ದಾರಿಯಲ್ಲೇ ಕಳುಹಿಸಬಾರದೇ?

ಬಹಳಷ್ಟು ಔಷಧಗಳು ಎಣ್ಣೆಯ ಸ್ವಭಾವದವು. ಹಾಗಿದ್ದರೇನೇ ಅವು ಕರುಳಿನ ಗೋಡೆ ದಾಟಿ ರಕ್ತ ಸೇರುವುದು. ಆದರೆ ಮೂತ್ರ ಎಂಬುದು ನೀರು. ಎಣ್ಣೆಯಂಥದ್ದು ಅದರಲ್ಲಿ ಹೋಗದು. ಆದ್ದರಿಂದ ಯಕೃತ್ತು ಮೊದಲು ಅಣುವಿಗೆ ಒಂದು ಆಮ್ಲಜನಕವನ್ನು ಅಂಟಿಸಿ ಹಿಡಿಕೆ ಮಾಡಿಕೊಳ್ಳುತ್ತದೆ. ಆ ಹಿಡಿಕೆಗೆ ಸಕ್ಕರೆಯಂಥದ್ದೊಂದನ್ನು ಕಟ್ಟಿ ನೀರಿಗೆ ಬಿಡುತ್ತದೆ. ಆಮ್ಲಜನಕ ಅಂಟಿಸುವ ಆ ಮೊದಲ ಕೆಲಸ ಹೆಚ್ಚಾಗಿ ಪಿ-450 ಎಂಬ ಕಿಣ್ವಗಳ ಕುಟುಂಬದ್ದು.

ಇದರ ಮೊದಲ ಸುಳಿವು ಸಿಕ್ಕಿ ಎರಡು ಶತಮಾನವಾಗುತ್ತಾ ಬಂತು. 1842ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಕೆಲ್ಲರ್ ಬೆಂಜೋಯಿಕ್ ಆಮ್ಲವನ್ನು ತಾನೇ ನುಂಗಿ, ತನ್ನ ಮೂತ್ರದಲ್ಲಿ ಹುಡುಕಿದ. ಸಿಕ್ಕಿದ್ದು ಹಿಪ್ಪೂರಿಕ್ ಆಮ್ಲ: ನುಂಗಿದ್ದಕ್ಕೆ ದೇಹ ಗ್ಲೈಸೀನ್ ಎಂಬ ಅಮೈನೋ ಆಮ್ಲವನ್ನು ಜೋಡಿಸಿ ಕಳುಹಿಸಿತ್ತು. ಈಗ ಹಾಗೆ ಮಾಡಿದರೆ ಯಾವ ನೈತಿಕ ಸಮಿತಿಯೂ ಒಪ್ಪದು.

ನೀವು ಹೇಳುವ ಪಿ-450ಯಲ್ಲಿ 450 ಎಂದರೆ ಏನು?

ಬಣ್ಣದ ವಿಳಾಸ. 1958ರಲ್ಲಿ ಮಾರ್ಟಿನ್ ಕ್ಲಿಂಗನ್‌ಬರ್ಗ್ ಮತ್ತು ಡೇವಿಡ್ ಗಾರ್ಫಿಂಕಲ್, ಬೇರೆ ಬೇರೆಯಾಗಿ, ಯಕೃತ್ತಿನಲ್ಲಿ ಒಂದು ವಿಚಿತ್ರ ವರ್ಣದ್ರವ್ಯ ಕಂಡರು. ಅದಕ್ಕೆ ಕಾರ್ಬನ್ ಮೋನಾಕ್ಸೈಡ್ ಸೋಕಿಸಿದರೆ 450 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರುತ್ತಿತ್ತು. 1962ರಲ್ಲಿ ಜಪಾನಿನ ಒಮುರ ಮತ್ತು ಸಾತೊ ಅದು ಹೀಮ್ ಇರುವ ಪ್ರೋಟೀನು ಎಂದು ತೋರಿಸಿ ಪಿ-450 ಎಂದು ಕರೆದರು. ಪಿ ಎಂದರೆ ಪಿಗ್ಮೆಂಟ್. ರಕ್ತ ಕೆಂಪಾಗಿರುವುದು ಯಾವ ಹೀಮ್‌ನಿಂದಲೋ ಅದೇ ಕಬ್ಬಿಣದ ಬಿಲ್ಲೆ ಇಲ್ಲೂ ಇದೆ. ಮನುಷ್ಯನಲ್ಲಿ ಈ ಕುಟುಂಬದ 57 ಜೀನ್‌ಗಳಿವೆ. ಔಷಧದ ಮಟ್ಟಿಗೆ ಅರ್ಧ ಡಜನ್ ಸದಸ್ಯರೇ ಬಹುಪಾಲು ಕೆಲಸ ಎಳೆಯುತ್ತಾರೆ. ಅವರಲ್ಲಿ ಹಿರಿಯಣ್ಣ ಸಿವೈಪಿ 3ಎ4. (ಸಿವೈಪಿ ಎಂಬುದು ಸೈಟೋಕ್ರೋಮ್ ಪಿ-450ರ ಚಿಕ್ಕ ಹೆಸರು.)

ಕಾಫಿ, ಕಷಾಯ, ಮಾತ್ರೆ ಎಂಬ ಭೇದ ಈ ಕಿಣ್ವಗಳಿಗೆ ತಿಳಿಯದು. ಆಕಾರ ಹೊಂದಿದರೆ ಹಿಡಿಯುತ್ತವೆ.

ನಾನು ಮೊದಲ ಸಲ ಗ್ರಾಫಿನಲ್ಲಿ ಆ 450ರ ಶಿಖರವನ್ನು ಕಂಡದ್ದು ಆಡಿನ ಲಿವರ್‌ನಲ್ಲಿ. ಬೆಳಗ್ಗೆ ಆರಕ್ಕೆ ಮಾಂಸದಂಗಡಿಗೆ ಹೋಗಿ ಮಂಜುಗಡ್ಡೆಯಲ್ಲಿ ಇಟ್ಟುಕೊಂಡು ತಂದದ್ದು. ಅಂಗಡಿಯವರು ನಾಲ್ಕನೆಯ ದಿನ, "ನಿಮ್ಮ ಮನೆಯಲ್ಲಿ ದಿನಾ ಲಿವರ್ ಯಾರು ತಿನ್ನುವುದು ಮಾರಾಯ್ರೆ?" ಎಂದು ಕೇಳಿಯೇ ಬಿಟ್ಟರು. ನಮ್ಮದು ಈರುಳ್ಳಿಯನ್ನೂ ಯೋಚಿಸಿ ತರುವ ಮನೆ ಎಂದು ಅವರಿಗೆ ಹೇಳಲಿಲ್ಲ.

ಒಂದೇ ಮಾತ್ರೆ ಒಬ್ಬರಿಗೆ ಹಿಡಿಯುತ್ತದೆ, ಇನ್ನೊಬ್ಬರಿಗೆ ಹಿಡಿಯುವುದಿಲ್ಲ. ಏಕೆ?

ಇದಕ್ಕೆ ಮಂಗಳೂರಿನವರಿಗೆ ಮಲೇರಿಯಾದ ಮೂಲಕವೇ ಉತ್ತರ ಹೇಳಬೇಕು. 1990ರ ದಶಕದಿಂದ ಕಟ್ಟಡಗಳು ಎದ್ದಂತೆಲ್ಲ, ಅವುಗಳ ನೀರು ನಿಂತ ತೊಟ್ಟಿಗಳ ಜೊತೆ ಮಲೇರಿಯಾವೂ ಎದ್ದ ಊರು ಅದು. ಈಚೆಗೆ ಬಹಳ ಇಳಿದಿದೆ. ಅಲ್ಲಿ ಹೆಚ್ಚು ಕಾಡಿದ್ದು ವೈವಾಕ್ಸ್ ಜಾತಿ. ಇದರ ದುಷ್ಟತನವೆಂದರೆ, ಜ್ವರ ಇಳಿದ ಮೇಲೂ ಪರೋಪಜೀವಿ ಯಕೃತ್ತಿನಲ್ಲಿ ಮಲಗಿಕೊಂಡಿರುತ್ತದೆ. ತಿಂಗಳುಗಳ ನಂತರ ಎದ್ದು ಬರುತ್ತದೆ. ಮಲಗಿದ್ದನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ.

ಕೆಲವರಿಗೆ 14 ದಿನವೂ ತಪ್ಪದೆ ನುಂಗಿದರೂ ಜ್ವರ ಮರುಕಳಿಸುತ್ತಿತ್ತು. "ನೀವು ಸರಿಯಾಗಿ ನುಂಗಿಲ್ಲ" ಎಂದು ರೋಗಿಯನ್ನೇ ಬೈಯುವುದು ಸುಲಭ. 1952ರಿಂದ ಬಳಕೆಯಲ್ಲಿದ್ದ ಔಷಧ. ಕಾರಣ ಹೊಳೆದದ್ದು 2013ರಲ್ಲಿ. ಪ್ರೈಮಾಕ್ವಿನ್ ನುಂಗಿದ ರೂಪದಲ್ಲಿ ಕೆಲಸ ಮಾಡುವುದಿಲ್ಲ. ಸಿವೈಪಿ 2ಡಿ6 ಎಂಬ ಕಿಣ್ವ ಅದನ್ನು ಬದಲಾಯಿಸಿದ ಮೇಲೆ ಹುಟ್ಟುವ ವಸ್ತುವೇ ನಿಜವಾದ ಮದ್ದು. ಹುಟ್ಟಿನಿಂದಲೇ ಆ ಕಿಣ್ವ ದುರ್ಬಲವಾಗಿದ್ದವರಲ್ಲಿ ಮಾತ್ರೆ ಬೀಗದೊಳಗೇ ಉಳಿದ ಕೀಲಿಯಂತೆ. (ಪ್ರೈಮಾಕ್ವಿನ್‌ಗೆ ಮುಂಚೆ ಜಿ6ಪಿಡಿ ಪರೀಕ್ಷೆ ಮಾಡಿಸುವುದು ಬೇರೆಯೇ ಕಾರಣಕ್ಕೆ: ಜಿ6ಪಿಡಿ ಎಂಬ ಇನ್ನೊಂದು ಕಿಣ್ವ ಕಡಿಮೆ ಇರುವವರು ಇದನ್ನು ನುಂಗಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ.)

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡುವ ಕ್ಲೋಪಿಡೋಗ್ರೆಲ್ ಕೂಡ ಹೀಗೆಯೇ ಒಳಗೆ ಹೋದ ಮೇಲೆ ಮದ್ದಾಗುವಂಥದ್ದು. ಇಲ್ಲಿ ಕೆಲಸದವನು ಅದೇ ಕುಟುಂಬದ ಸಿವೈಪಿ 2ಸಿ19. ಅದರ ದುರ್ಬಲ ರೂಪ ಯುರೋಪಿನವರಿಗಿಂತ ನಮ್ಮ ದಕ್ಷಿಣ ಏಷ್ಯಾದವರಲ್ಲಿ ಹೆಚ್ಚು. ಸಾಲದೆಂಬಂತೆ, ಮೆಡಿಕಲ್‌ನಿಂದ ಕೇಳಿ ತರುವ "ಗ್ಯಾಸ್ ಮಾತ್ರೆ" ಒಮೆಪ್ರಜೋಲ್ ಅದೇ ಕಿಣ್ವವನ್ನು ತಡೆಯುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಈ ಕಿಣ್ವವನ್ನು ಅಷ್ಟಾಗಿ ತಡೆಯದ ಗ್ಯಾಸ್ ಮಾತ್ರೆಗಳೂ ಇವೆ.

ಕ್ಷಯದ ಮಾತ್ರೆ ನುಂಗುವಾಗ ಬಂಗುಡೆ ತಿಂದರೆ ಮೈ ಕೆಂಪಾಗುತ್ತದೆ ಎನ್ನುತ್ತಾರೆ. ನಿಜವೇ?

ನಿಜ, ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಕೇಳಿದವರು ಮಲ್ಪೆಯಲ್ಲಿ ಮೀನು ಮಾರುವ ಅಮ್ಮ. ಬಂಗುಡೆಯ ಜಾತಿಯ ಮೀನಿನಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಹೇರಳ. ಮಂಜುಗಡ್ಡೆ ಇಲ್ಲದೆ ಹೊತ್ತು ಕಳೆದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಕುದಿಸಿದರೂ ಅದು ಹೋಗುವುದಿಲ್ಲ. ಸಾಮಾನ್ಯವಾಗಿ ಕರುಳಿನ ಕಿಣ್ವವೊಂದು ಸ್ವಲ್ಪ ಹಿಸ್ಟಮಿನ್ನನ್ನು ಮುರಿದು ಹಾಕುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಆ ಕಿಣ್ವವನ್ನು ತಡೆಯುತ್ತದೆ. ಆಗ ಬೇರೆಯವರಿಗೆ ಏನೂ ಮಾಡದ ಮೀನು ಈ ರೋಗಿಗೆ ಮುಖ ಕೆಂಪು, ತಲೆನೋವು, ಎದೆಬಡಿತ ತರುತ್ತದೆ. ಮಾತ್ರೆ ನಿಲ್ಲಿಸುವ ಮಾತೇ ಇಲ್ಲ. ಮೀನು ತಾಜಾ ಇರಲಿ. ಜೂನ್, ಜುಲೈಯ 61 ದಿನ ಮೀನುಗಾರಿಕೆ ನಿಷೇಧ ಇರುವಾಗ ದೂರದಿಂದ ಬರುವ ಮೀನಿನ ಬಗ್ಗೆ ಇನ್ನಷ್ಟು ಎಚ್ಚರ ಇರಲಿ.

ಜೊತೆಗೆ ಕೊಡುವ ರಿಫಾಂಪಿಸಿನ್ ಇನ್ನೊಂದು ದಿಕ್ಕಿನದು. ಅದು ಯಕೃತ್ತಿಗೆ ಹೆಚ್ಚು ಕಿಣ್ವ ತಯಾರಿಸಲು ಹೇಳುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಇವೆಲ್ಲ ಬೇಗ ಬೇಗ ಖಾಲಿಯಾಗಿ ಕೆಲಸಕ್ಕೆ ಬಾರದಂತಾಗಬಹುದು. ಮದುವೆಯಾದ ಹೆಣ್ಣುಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಕಾಳುಮೆಣಸು, ಅಮೃತಬಳ್ಳಿ, ಹಣ್ಣಿನ ರಸ: ಇವು ಮದ್ದಿನ ಜೊತೆ ಆಗುತ್ತವೆಯೇ?

ಕಾಳುಮೆಣಸಿನ ಖಾರ ಪೈಪರಿನ್. ಅದು 3ಎ4 ಕಿಣ್ವವನ್ನೂ, ಕರುಳಿನಿಂದ ಔಷಧವನ್ನು ಹೊರಗೆ ತಳ್ಳುವ ಪ್ರೋಟೀನನ್ನೂ ತಡೆಯುತ್ತದೆ. ಆಗ ಔಷಧ ರಕ್ತಕ್ಕೆ ಹೆಚ್ಚು ಸೇರುತ್ತದೆ. ಜಮ್ಮುವಿನ ಪ್ರಯೋಗಾಲಯದವರು ಇದನ್ನೇ ಲಾಭಕ್ಕೆ ತಿರುಗಿಸಿ, 450 ಮಿಲಿಗ್ರಾಂ ರಿಫಾಂಪಿಸಿನ್ ಬೇಕಾದ ಕಡೆ 200 ಮಿಲಿಗ್ರಾಂನ ಜೊತೆ 10 ಮಿಲಿಗ್ರಾಂ ಪೈಪರಿನ್ ಸೇರಿಸಿದ ಮಾತ್ರೆಗೆ ದಾರಿ ಮಾಡಿದರು. ಸಾರಿಗೆ ಹಾಕುವ ನಾಲ್ಕು ಕಾಳಿಗೆ ಹೆದರಬೇಡಿ. ಚಮಚಗಟ್ಟಲೆ ಪುಡಿ ನುಂಗುವವರಿಗೆ ಈ ಮಾತು.

ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಕಿತ್ತಳೆಯ ಕುಲದ ಹಣ್ಣು) ಕತೆ ಇನ್ನೂ ಸೊಗಸು. ಕೆನಡಾದ ಡೇವಿಡ್ ಬೇಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ಬಿ.ಪಿ. ಔಷಧಕ್ಕೂ ಮದ್ಯಕ್ಕೂ ಸಂಬಂಧ ನೋಡುತ್ತಿದ್ದರು. ಮದ್ಯದ ರುಚಿ ಮರೆಮಾಚಲು ಆ ಹಣ್ಣಿನ ರಸ ಬೆರೆಸಿದರು. ರಕ್ತದಲ್ಲಿ ಔಷಧ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು! ತಪ್ಪು ಮದ್ಯದ್ದಲ್ಲ, ರಸದ್ದು. ಅದರಲ್ಲಿರುವ ಫ್ಯೂರನೋಕೂಮರಿನ್‌ಗಳು ಕರುಳಿನ 3ಎ4 ಅನ್ನು ಕೆಡಿಸಿಯೇ ಬಿಡುತ್ತವೆ. ಹೊಸ ಕಿಣ್ವ ತಯಾರಾಗುವವರೆಗೆ ಕಾಯಬೇಕು. ನಮ್ಮ ಚಕ್ಕೋತ ಅದರ ಹತ್ತಿರದ ನೆಂಟ.

ಅಮೃತಬಳ್ಳಿಯನ್ನು ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಕುಡಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಭಾರತದ ವೈದ್ಯರೇ ಪ್ರಕಟಿಸಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬಳ್ಳಿ ಅಂಗಳದ್ದು ಎಂಬ ಕಾರಣಕ್ಕೆ ಯಕೃತ್ತು ರಿಯಾಯಿತಿ ಕೊಡುವುದಿಲ್ಲ. ವೈದ್ಯರು "ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?" ಎಂದಾಗ ಕಷಾಯವನ್ನೂ ಸೇರಿಸಿ ಹೇಳಿ. ಅದು "ಔಷಧವಲ್ಲ" ಎಂದು ಬಿಡಬೇಡಿ.

ಪ್ಯಾರಾಸಿಟಮಾಲ್ ಲಿವರ್ ಹಾಳುಮಾಡುತ್ತದೆಯೇ?

ಹೇಳಿದ ಪ್ರಮಾಣದಲ್ಲಿ ಆರೋಗ್ಯವಂತರಿಗೆ ಇಲ್ಲ. ಅದರ ಸಣ್ಣ ಪಾಲನ್ನು ಪಿ-450 ವಿಷವಾಗಿ ಮಾರ್ಪಡಿಸುತ್ತದೆ. ಗ್ಲೂಟಾಥಯೋನ್ ಎಂಬ ವಸ್ತು ಆ ವಿಷವನ್ನು ತಕ್ಷಣ ಹಿಡಿದು ಕಟ್ಟುತ್ತದೆ. ಡೋಸ್ ಮೀರಿದರೆ ಗ್ಲೂಟಾಥಯೋನ್ ಬರಿದಾಗಿ ವಿಷ ಯಕೃತ್ತಿನ ಜೀವಕೋಶಗಳಿಗೇ ಅಂಟುತ್ತದೆ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಕುಡಿಯುವವರಿಗೆ, ಮೈ ಬಡವಾದವರಿಗೆ ಅದಕ್ಕಿಂತ ಕಡಿಮೆ. ಶೀತದ ಮಾತ್ರೆಯಲ್ಲೂ, ಮೈಕೈನೋವಿನ ಮಾತ್ರೆಯಲ್ಲೂ ಇದೇ ಇರುತ್ತದೆ. ಬೇರೆ ಬೇರೆ ಹೆಸರು ನೋಡಿ ಮೋಸ ಹೋಗಬೇಡಿ.

ಪ್ರಯೋಗಾಲಯದಲ್ಲಿ ದಿನ ಹೇಗಿರುತ್ತದೆ?

ಹೊರಗಿನಿಂದ ನೋಡಿದರೆ ಬೇಸರ. ಯಕೃತ್ತನ್ನು ಅರೆದು, ಮೊದಲು ಗುರುತ್ವದ ಸುಮಾರು 10,000 ಪಟ್ಟು, ಆಮೇಲೆ ಒಂದು ಲಕ್ಷ ಪಟ್ಟು ಬಲದಲ್ಲಿ ತಿರುಗಿಸಿದರೆ ತಳದಲ್ಲಿ ನಸುಗೆಂಪು ಮುದ್ದೆ ಕೂರುತ್ತದೆ. ಅದೇ ಮೈಕ್ರೋಸೋಮ್, ನಮ್ಮ ಪಿ-450 ಕಿಣ್ವಗಳಿರುವ ಭಾಗ. ಮೈನಸ್ 80 ಡಿಗ್ರಿಯಲ್ಲಿ ಕಾಪಿಡಬೇಕು. ಬೇಕಾದಾಗ ತೆಗೆದು, ಔಷಧ ಮತ್ತು ಕಿಣ್ವಕ್ಕೆ ಇಂಧನದಂತಿರುವ ಎನ್‌ಎಡಿಪಿಎಚ್ ಹಾಕಿ, 37 ಡಿಗ್ರಿಯಲ್ಲಿಟ್ಟು, ಐದು, ಹತ್ತು, ಇಪ್ಪತ್ತು ನಿಮಿಷಕ್ಕೆ ಒಂದಿಷ್ಟು ತೆಗೆದು ಅಸಿಟೋನೈಟ್ರೈಲ್ ಎಂಬ ತಣ್ಣನೆಯ ದ್ರಾವಕಕ್ಕೆ ಹಾಕಿದರೆ ಕಿಣ್ವ ಸಾಯುತ್ತದೆ, ಕ್ರಿಯೆ ನಿಲ್ಲುತ್ತದೆ. ಉಳಿದದ್ದನ್ನು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಅಳೆಯುತ್ತದೆ. ಇದನ್ನು ನಾನು ಎಷ್ಟು ಸಾವಿರ ಸಲ ಮಾಡಿದ್ದೇನೋ!

ಸಂಶೋಧನೆಯ ಎರಡನೆಯ ವರ್ಷ ಒಂದು ಔಷಧದಲ್ಲಿ ಲೆಕ್ಕ ತಾಳೆಯಾಗಲಿಲ್ಲ. ನೂರರಲ್ಲಿ ನಲವತ್ತು ಭಾಗ ಮಾಯ. ಹೊಸ ರೂಪಾಂತರ ಸಿಕ್ಕಿತು, ಲೇಖನ ಬರೆಯಬಹುದು ಎಂಬ ಆಸೆಯಿಂದ ಮೂರು ತಿಂಗಳು ಅದರ ಹಿಂದೆ ಓಡಿದೆ. ಊರಿಗೆ ಬಂದಾಗ ತಂದೆಯವರ ಹತ್ತಿರ ಹೇಳಿಕೊಂಡೆ. ಅವರು ರಸಾಯನಶಾಸ್ತ್ರ ಕೇಳಲಿಲ್ಲ. "ಕಡಿಮೆ ಬಿದ್ದ ನೋಟು ಹೆಚ್ಚಾಗಿ ಡ್ರಾಯರಿನ ಸಂದಿಯಲ್ಲೇ ಇರುತ್ತದೆ, ಮೊದಲು ಅಲ್ಲಿ ನೋಡು" ಎಂದರು. ಮರಳಿ ಹೋಗಿ ಪ್ಲಾಸ್ಟಿಕ್ ಕೊಳವೆ ಬಿಟ್ಟು ಗಾಜಿನದರಲ್ಲಿ ಮಾಡಿದೆ. ನಲವತ್ತೂ ಸಿಕ್ಕಿತು. ಔಷಧ ಕೊಳವೆಯ ಗೋಡೆಗೆ ಅಂಟಿಕೊಂಡು ಕುಳಿತಿತ್ತು.

ಮಳೆಗಾಲದ ಕಷ್ಟ ಬೇರೆ. ಎಂ.ಎಸ್ಸಿ.ಯಲ್ಲಿ, ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಯ ಗುಡ್ಡದ ಮೇಲೆ ಇನ್‌ಫ್ರಾರೆಡ್ ಪರೀಕ್ಷೆಗೆ ಪೊಟ್ಯಾಸಿಯಂ ಬ್ರೋಮೈಡಿನ ಬಿಲ್ಲೆ ಒತ್ತಿದರೆ, ಜೂನ್ ತಿಂಗಳಲ್ಲಿ ಅದು ಯಂತ್ರ ತಲುಪುವ ಮುಂಚೆಯೇ ತೇವ ಹೀರಿ ಮಂಜಾಗುತ್ತಿತ್ತು. ಮುಂದೆ ಬೇರೊಂದು ಕಡೆ ರಾತ್ರಿ ವಿದ್ಯುತ್ ಹೋಗಿ, ಜನರೇಟರ್ ಶುರುವಾಗದೆ, ಒಂದು ವರ್ಷದ ಮೈಕ್ರೋಸೋಮ್ ಕರಗಿ ನೀರಾಯಿತು. ಆ ದಿನ ಯಾರೂ ಯಾರನ್ನೂ ಮಾತನಾಡಿಸಲಿಲ್ಲ.

ಹೊಸ ಔಷಧ ಏನಾದರೂ ಕಂಡುಹಿಡಿದಿದ್ದೀರಾ?

ಇಲ್ಲ. ಔಷಧವಾಗಬಹುದಾಗಿದ್ದ ಬಹಳಷ್ಟನ್ನು ಕೊಂದಿದ್ದೇನೆ; ಔಷಧ ಕಂಪನಿಯಲ್ಲಿ ನಮ್ಮ ವಿಭಾಗ ಇದ್ದದ್ದೇ ಅದಕ್ಕೆ. ಅದು ಏಕೆ ಬೇಕು ಎಂಬುದಕ್ಕೆ ಒಂದು ಕತೆ ಸಾಕು. ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆ ಪ್ರಪಂಚದಾದ್ಯಂತ ಮಾರಾಟವಾಗುತ್ತಿತ್ತು. 3ಎ4 ಅದನ್ನು ಕ್ಷಣದಲ್ಲಿ ಬದಲಾಯಿಸುತ್ತಿದ್ದುದರಿಂದ ಯಾರಿಗೂ ತೊಂದರೆ ಕಾಣಲಿಲ್ಲ. ಜೊತೆಗೆ ಶಿಲೀಂಧ್ರದ ಸೋಂಕಿಗೆ ಕೊಡುವ ಕೀಟೋಕೊನಜೋಲ್ ಅಥವಾ ಎರಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ನುಂಗಿದವರಲ್ಲಿ ಕಿಣ್ವ ಅಡ್ಡಗಟ್ಟಿ, ಟರ್ಫೆನಡಿನ್ ಹಾಗೆಯೇ ಹೃದಯ ತಲುಪಿ ಬಡಿತದ ಲಯ ಕೆಡಿಸಿತು, ಸಾವುಗಳಾದವು. 1998ರಲ್ಲಿ ಅದು ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಆದರೆ ಕಿಣ್ವ ಅದರಿಂದ ತಯಾರಿಸುತ್ತಿದ್ದ ವಸ್ತುವೇ ಫೆಕ್ಸೋಫೆನಡಿನ್. ಇವತ್ತು ನಮ್ಮ ಮೆಡಿಕಲ್‌ಗಳಲ್ಲಿ ಸಿಗುವ, ಹೃದಯಕ್ಕೆ ಆ ಅಪಾಯವಿಲ್ಲದ ಅಲರ್ಜಿ ಮಾತ್ರೆ.

ಈ ದಾರಿಗೆ ಏನು ಓದಬೇಕು?

ರಸಾಯನಶಾಸ್ತ್ರ, ಜೀವರಸಾಯನಶಾಸ್ತ್ರ, ಫಾರ್ಮಸಿ, ಯಾವ ಬಾಗಿಲಿನಿಂದಲಾದರೂ ಬರಬಹುದು. ಕೊಣಾಜೆಯಲ್ಲಿ ಎಂ.ಎಸ್ಸಿ. ಇದೆ, ಮಣಿಪಾಲದಲ್ಲಿ, ದೇರಳಕಟ್ಟೆಯಲ್ಲಿ ಫಾರ್ಮಸಿ ಕಾಲೇಜುಗಳಿವೆ. ಫಾರ್ಮಸಿಯವರಿಗೆ ಔಷಧದ ಪರಿಚಯ ಮೊದಲೇ ಇರುತ್ತದೆ. ನಮ್ಮವರಿಗೆ ಅಣುವಿನ ಯಾವ ಮೂಲೆಗೆ ಆಮ್ಲಜನಕ ಬೀಳುತ್ತದೆ ಎಂದು ಊಹಿಸುವ ಮೂಗು ಇರುತ್ತದೆ. ನಾನು ಪಕ್ಷಪಾತಿ, ಎರಡನೆಯದೇ ಮೇಲು ಎನ್ನುತ್ತೇನೆ. ಪಿಎಚ್.ಡಿ.ಗೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಪಡೆದರೆ ಒಳ್ಳೆಯದು. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಐದು ವರ್ಷ ಹಿಡಿಯುತ್ತದೆ ಎಂದು ಮನೆಯಲ್ಲಿ ಮೊದಲೇ ಹೇಳಿಬಿಡಿ. ಕೆಲಸ ಹೆಚ್ಚಾಗಿ ಬೆಂಗಳೂರು, ಹೈದರಾಬಾದ್ ಕಡೆ.

ಹೆಣ್ಣುಮಕ್ಕಳಿಗೆ ಹೊಂದುವ ಕೆಲಸವೇ?

ಈ ಪ್ರಶ್ನೆಯನ್ನು ಮಕ್ಕಳು ಕೇಳುವುದಿಲ್ಲ, ತಂದೆತಾಯಿ ಕೇಳುತ್ತಾರೆ. 1933ರಲ್ಲಿ ಕಮಲಾ ಸೊಹೊನಿಯವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು, ಹೆಣ್ಣು ಎಂಬ ಕಾರಣಕ್ಕೆ. ಪಟ್ಟುಹಿಡಿದು, ಷರತ್ತುಗಳ ಮೇಲೆ ಸೇರಿದ ಅವರು ಮುಂದೆ ಕೇಂಬ್ರಿಜ್‌ನಲ್ಲಿ ಸಸ್ಯಗಳಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಪಿ-450ಯ ದೂರದ ಬಂಧು ಅದು. ಮೆದುಳಿನಲ್ಲೂ ಪಿ-450 ಇದ್ದು ಅಲ್ಲೇ ಔಷಧವನ್ನು ಬದಲಾಯಿಸುತ್ತದೆ ಎಂಬುದರ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವರ್ಷಗಟ್ಟಲೆ ದುಡಿದವರು ವಿಜಯಲಕ್ಷ್ಮಿ ರವೀಂದ್ರನಾಥ್. ನನ್ನನ್ನು ಇದಕ್ಕೆ ಎಳೆದದ್ದು ಆ ಕೆಲಸದ ಮೇಲಿನ ಒಂದು ಉಪನ್ಯಾಸ.

ಕಂಪ್ಯೂಟರೇ ಎಲ್ಲವನ್ನೂ ಊಹಿಸುವ ಕಾಲದಲ್ಲಿ ಈ ಕೆಲಸ ಉಳಿಯುತ್ತದೆಯೇ?

ಊಹೆ ಚೆನ್ನಾಗಿಯೇ ಇದೆ. ಆದರೆ ಔಷಧ ಕೊಳವೆಯ ಗೋಡೆಗೆ ಅಂಟಿದ್ದನ್ನು ಕಂಪ್ಯೂಟರ್ ನನಗೆ ಹೇಳುತ್ತಿರಲಿಲ್ಲ.

ಇಷ್ಟೆಲ್ಲ ಹೇಳುವ ನೀವು ಆಟಿ ಅಮಾವಾಸ್ಯೆಗೆ ಪಾಲೆ ಕಷಾಯ ಕುಡಿಯುತ್ತೀರಾ?

ಕುಡಿಯುತ್ತೇನೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಪಾಲೆ (ಹಾಲೆ) ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಕಡೆಯ ರೂಢಿ. ಅಣ್ಣ ಸೂರ್ಯ ಹುಟ್ಟುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾನೆ. ಮರ ಹಗಲಲ್ಲೇ ನೋಡಿ ಗುರುತು ಮಾಡಿಟ್ಟದ್ದು, ಏಕೆಂದರೆ ಕತ್ತಲೆಯಲ್ಲಿ ತಪ್ಪಿ ಕಾಸರಕ ಎಂಬ ಮರದ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನೀನ್ ಎಂಬ ಘೋರ ವಿಷ. ಪಾಲೆಯಲ್ಲಿ ಎಕಿಟಮಿನ್ ಮುಂತಾದ ಆಲ್ಕಲಾಯ್ಡ್‌ಗಳಿವೆ; ಕಹಿ ಅವುಗಳದ್ದೇ. ಅಮ್ಮ ಮೆಣಸು, ಬೆಳ್ಳುಳ್ಳಿ, ಓಮ ಅರೆದು ಹಾಕಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದ್ದುತ್ತಾರೆ. ನನಗೆ ಕಾಲು ಲೋಟ, ವರ್ಷಕ್ಕೆ ಒಂದೇ ಸಲ. ಅಮ್ಮನಿಗೆ ಈಗ ಮೂರು ಬಗೆಯ ಮಾತ್ರೆಗಳಿವೆ. ಕಳೆದ ವರ್ಷ ಅವರ ಲೋಟವನ್ನು ನಾನು ಎತ್ತಿಟ್ಟೆ. ಬೈದರು. ಆಮೇಲೆ ಮೆಂತೆ ಗಂಜಿಯನ್ನು ಎರಡು ಬಟ್ಟಲು ಕುಡಿದರು.